ಚಿಲುಮೆ ಹತ್ತಿಸಿ ಕೊಡುವವರು

ನಮ್ಮ ಅಡುಗೆಮನೆಯ ಗೋಡೆಗೆ ಬಡಿದ ಗೂಟದಲ್ಲಿ ಅಂಗೈ ಅಗಲದ ಒಂದು ಅರಿವೆ ಯಾವಾಗಲೂ ತೂಗುತ್ತಿತ್ತು. ಹಳೆಯ ಧೋತರದ ಅಂಚು ಹರಿದು ಮಾಡಿದ್ದು. ಮೊದಲಿಗೆ ಬೆಳ್ಳಗಿರುತ್ತಿತ್ತು, ಬರಬರುತ್ತ ಅರಿಸಿನವಾಗಿ, ಕಡೆಗೆ ಕುದಿಸಿದ ಬೆಲ್ಲದ ಬಣ್ಣಕ್ಕೆ ಬಂದು ನಿಲ್ಲುತ್ತಿತ್ತು. ಅದು ನಮ್ಮ ಮಾವನವರ ಚಿಲುಮೆಯ ಬುಡಕ್ಕೆ ಸುತ್ತುವ ಒದ್ದೆ ಅರಿವೆ. ಹೊಗೆಯ ಖಾರವನ್ನೂ ಕಾವನ್ನೂ ಅದು ತಡೆಯುತ್ತದೆಂದು ಸೇದುವವರ ನಂಬಿಕೆ. ಅದನ್ನು ತೊಳೆದು ಹಿಂಡುವ ಕೆಲಸ ಸೊಸೆಯದು. ಹಿಂಡಿದಾಗ ಬೆರಳ ಸಂದಿಯಿಂದ ಇಳಿಯುವ ಕಂದು ನೀರನ್ನು ಕಂಡಾಗಲೆಲ್ಲ, ಅರಿವೆಯಲ್ಲೇ ಇಷ್ಟು ಇಳಿದಿದ್ದರೆ ಎದೆಯಲ್ಲಿ ಎಷ್ಟು ಇಳಿದಿರಬೇಡ ಎಂದು ನೆನೆಯುತ್ತಿದ್ದೆ.

ಎಪ್ಪತ್ತರ ದಶಕದ ಮಾತಿದು, ಬಾಗೇವಾಡಿಯ ಮಗ್ಗುಲಿನ ಇಂಗಳೇಶ್ವರದಲ್ಲಿ. ನನ್ನ ತವರು ಭೀಮಾ ದಂಡೆಯ ದೇವಣಗಾಂವ. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿ ಬಂದವಳಾದ್ದರಿಂದ ಓಣಿಯಲ್ಲಿ ನನಗೆ ಓದಿದ ಸೊಸೆ ಎಂಬ ಹೆಸರಿತ್ತು. ಹೆಸರೇನೋ ಇತ್ತು, ಬಾಯಿ ಇರಲಿಲ್ಲ. ಮಾವನ ಎದುರು ಸೊಸೆ ನಿಲ್ಲುವುದಿಲ್ಲ, ಮಾತಾಡುವುದಂತೂ ದೂರವೇ ಉಳಿಯಿತು. ಊಟಕ್ಕೆ ಕರೆಯಬೇಕಾದರೂ ಬಾಗಿಲ ಮರೆಯಲ್ಲಿ ನಿಂತು, "ನೀಲವ್ವಾ, ಮುತ್ಯಾಗ ಊಟಕ್ಕ ಏಳ್ರಿ ಅನ್ನವಾ" ಎಂದು ಮಗಳಿಗೆ ಹೇಳಬೇಕು. ನಾನು ಹೇಳಿದ್ದು ಅವರ ಕಿವಿಗೆ ಸ್ಪಷ್ಟವಾಗಿ ಬಿದ್ದಿರುತ್ತಿತ್ತು. ಆದರೂ ಮಗು ಹೋಗಿ ಇನ್ನೊಮ್ಮೆ ಹೇಳುವ ತನಕ ಅವರು ಏಳುತ್ತಿರಲಿಲ್ಲ. ಹೀಗೆ ನಮ್ಮಿಬ್ಬರ ನಡುವಿನ ಸಮಸ್ತ ವ್ಯವಹಾರವೂ ನೀಲವ್ವನ ಪುಟ್ಟ ಬಾಯಿಯ ಮೂಲಕವೇ ನಡೆಯುತ್ತಿತ್ತು.

ನೀವು ಚಿಲುಮೆಯನ್ನು ಕಂಡಿರದಿದ್ದರೆ ಹೇಳಿಬಿಡುತ್ತೇನೆ. ಗೇಣುದ್ದದ ಮಣ್ಣಿನ ಕೊಳವೆ, ಮೇಲೆ ಅಗಲ, ಕೆಳಗೆ ಸಪೂರ. ತಂಬಾಕು ಬಾಯಿಗೆ ಬರದಂತೆ ಒಳಗೊಂದು ಹರಳು. ತಂಬಾಕು ತುಂಬಿ ಕೆಂಡ ಇಟ್ಟರೆ ಮುಗಿಯಲಿಲ್ಲ, ಹತ್ತಿಕೊಳ್ಳುವ ತನಕ ಯಾರಾದರೂ ಜೋರಾಗಿ ಎಳೆಯಬೇಕು. ನಮ್ಮಲ್ಲಿ ಹಿರಿಯರು ಈ ಕೆಲಸಕ್ಕೆ ಎದ್ದು ಬರುವುದಿಲ್ಲ. ಒಲೆಯ ಕೆಂಡ ತರುವುದು ಮನೆಯ ಕಿರಿಯರ ಪಾಲು, ಕೆಂಡ ಆರದಂತೆ ಒಂದೆರಡು ದಮ್ಮು ಎಳೆದು ಕೊಡುವುದೂ ಅವರದೇ ಪಾಲು. ಅದಕ್ಕೆ ಯಾರೂ ಸೇದುವುದು ಎನ್ನುವುದಿಲ್ಲ, 'ಹತ್ತಿಸಿ ಕೊಡುವುದು' ಎನ್ನುತ್ತಾರೆ. ಮಾವನವರ ಉಸಿರು ಆಗಲೇ ಸೋತಿತ್ತು. ಹತ್ತಿದ ಚಿಲುಮೆಯನ್ನು ಸೇದಬಲ್ಲವರೇ ಹೊರತು ಹತ್ತಿಸುವಷ್ಟು ಕಸುವು ಅವರ ಎದೆಯಲ್ಲಿ ಉಳಿದಿರಲಿಲ್ಲ. ಮುದುಕನ ಎದೆ ಸೋತಲ್ಲಿ ಮಗುವಿನ ಎದೆಯನ್ನು ಹಚ್ಚುವ ಈ ಏರ್ಪಾಟು ಯಾರ ಕಣ್ಣಿಗೂ ವಿಚಿತ್ರವಾಗಿ ಕಾಣಲಿಲ್ಲ. ನನಗೂ ಕಂಡಿರಲಿಲ್ಲ.

ಕಂಡದ್ದು ಒಂದು ಮುಂಜಾನೆ. ಒಲೆಗೆ ಕುಳ್ಳು ತರಲೆಂದು ಹಿತ್ತಲಿಗೆ ಹೋದಾಗ ಕೊಟ್ಟಿಗೆಯ ಬಾಗಿಲಲ್ಲಿ ನೀಲವ್ವ ಕುಕ್ಕರಗಾಲಲ್ಲಿ ಕುಳಿತಿದ್ದಳು. ಎರಡೂ ಕೈಯಲ್ಲಿ ಚಿಲುಮೆ ಹಿಡಿದು, ಕಣ್ಣು ಮುಚ್ಚಿ, ಗಲ್ಲ ಒಳಕ್ಕೆ ಹೋಗುವಂತೆ ಎಳೆದಳು. ಆಮೇಲೆ ಆ ಎಳೆಯ ಮೂಗಿನ ಹೊಳ್ಳೆಗಳಿಂದ ಹೊಗೆ ಹೊರಬಂತು. ಕೆಮ್ಮಿದಳು, ಕಣ್ಣೀರು ಒರೆಸಿಕೊಂಡಳು, ಮತ್ತೆ ಎಳೆದಳು. ಕೈಯಲ್ಲಿದ್ದ ಬುಟ್ಟಿ ಎಲ್ಲಿ ಬಿತ್ತೋ ತಿಳಿಯಲಿಲ್ಲ. ಒಳಗಿನಿಂದ ಮಾವನವರ ದನಿ ಬಂತು: "ಹತ್ತಿತೇನವಾ ನನ್ನವ್ವಾ? ಲಗೂನ ತಾ." ಮಗಳು ಖುಷಿಯಿಂದ ಓಡಿದಳು.

ನನ್ನ ಅಂಜಿಕೆ ಸುಮ್ಮನೆ ಹುಟ್ಟಿದ್ದಲ್ಲ. ನನ್ನ ಅಪ್ಪ ಕೆಮ್ಮಿನಲ್ಲೇ ಹೋದವನು. ದೇವಣಗಾಂವದ ಮನೆಯ ನಡುಗೋಡೆಗೆ ಕಿವಿ ಹಚ್ಚಿ ಮಲಗಿ ಬೆಳೆದವಳು ನಾನು. ಕೆಮ್ಮು ಗಂಟಲಲ್ಲಿದೆಯೋ ಎದೆಗಿಳಿದಿದೆಯೋ ಎಂದು ಸಪ್ಪಳದ ಮೇಲೇ ಗುರುತಿಸಬಲ್ಲೆ. ಸಿಂದಗಿಯ ಡಾಕ್ಟರು ಸೇದುವುದನ್ನು ಬಿಡಿರಿ ಎಂದಾಗ ಅಪ್ಪ ತಲೆಯಾಡಿಸಿ ಹೊರಗೆ ಬಂದು, ಗಾಡಿಯಲ್ಲಿ ಕುಳಿತೊಡನೆ ಚಿಲುಮೆ ಕೇಳಿದ್ದ. ಎದೆಯೊಳಗೆ ಒಡೆದ ಗಡಿಗೆಯಲ್ಲಿ ಉಸುಕು ಅಲ್ಲಾಡಿಸಿದಂಥ ಆ ಸಪ್ಪಳ ಈಗ ಮಾವನವರಲ್ಲಿ ಕೇಳುತ್ತಿತ್ತು. ಇನ್ನು ಮುಂದೆ ಅದು ಯಾರ ಎದೆಯಲ್ಲಿ ಕೇಳೀತು?

ಗಂಡನಿಗೆ ಹೇಳಿದೆ. ಅವರು ಬೀಡಿಯ ಕಟ್ಟು ಕಿಸೆಗೆ ಸೇರಿಸುತ್ತ ನಕ್ಕರು. "ನಾನೂ ನಮ್ಮ ಮುತ್ಯಾಗ ಹತ್ತಿಸಿ ಕೊಟ್ಟಾಂವನ. ಸತ್ತೇನೇನ? ನೀ ಒಬ್ಬಾಕಿ ಭಾಳ ಅಂಜುಬುರುಕಿ."

"ಅದು ಹೆಣ್ಣು ಕೂಸು ಐತ್ರಿ."

"ಹೆಣ್ಣು ಐತಿ ಅಂತನ ಹೇಳ್ತೇನಿ, ನಾಳೆ ಲಗ್ನಾಗಿ ಹೋದ ಮನ್ಯಾಗ ಯಾರ್ ಕೊಡ್ತಾರ ಆಕೀಗ ಚಿಲುಮಿ? ತಾನ ಬಿಡ್ತಾಳ." ಬೀಡಿ ಹಚ್ಚಿಕೊಂಡು ಹೊಲಕ್ಕೆ ಹೊರಟುಹೋದರು. ತಾವು ಬಿಟ್ಟಿದ್ದೀರಾ ಎಂದು ಕೇಳುವ ಮಾತು ನನ್ನ ತುಟಿಯ ತನಕ ಬಂದು ಅಲ್ಲೇ ಕುಳಿತಿತು.

ಕಟ್ಟೆಯ ಮೇಲೆ ಕೂಡುವ ಹಿರಿಯರದು ಬೇರೆಯೇ ಅಳಲು. ಚಿಲುಮೆಯ ಕಾಲ ಮುಗಿಯಿತಂತೆ, ಈಗಿನ ಹುಡುಗರು ಬಾಗೇವಾಡಿ ಬಸ್ ಸ್ಟ್ಯಾಂಡಿನಲ್ಲಿ ಸಿಗರೇಟು ಹಚ್ಚಿ ಆಕಾಶ ನೋಡುತ್ತ ನಿಲ್ಲುತ್ತಾರಂತೆ, ಬೀಡಿ ಒಬ್ಬನ ಸೊತ್ತು, ಚಿಲುಮೆಯಾದರೆ ನಾಲ್ಕು ಮಂದಿಯ ಸೊತ್ತು, ಕೈಯಿಂದ ಕೈಗೆ ಹೋಗುವಾಗ ಹಗೆ ಇದ್ದವರೂ ಒಂದಾಗುತ್ತಿದ್ದರಂತೆ. ಬಾಗಿಲ ಮರೆಯಲ್ಲಿ ರೊಟ್ಟಿ ಬಡಿಯುತ್ತ ಇದನ್ನು ಕೇಳುವಾಗ ನನಗೆ ಒಳಗೊಳಗೇ ಹಿಗ್ಗು. ಹಾಳಾಗಿ ಹೋಗಲಿ ಮುಂಡೇದು, ಇವರೊಂದಿಗೇ ಮುಗಿಯಲಿ ಎಂದುಕೊಳ್ಳುತ್ತಿದ್ದೆ. ಆದರೆ ಮಾತು ಮುಗಿದೊಡನೆ "ನೀಲವ್ವಾ" ಎಂಬ ಕೂಗು ಬರುತ್ತಿತ್ತು. ಹೊಲ ಯಾರಿಗೆ, ಮನೆ ಯಾರಿಗೆ ಎಂದು ಹಿರಿಯರು ಕೂತು ಯೋಚಿಸಿ ಹಂಚುತ್ತಾರೆ; ಇದನ್ನು ಮಾತ್ರ ಯೋಚನೆಯೇ ಇಲ್ಲದೆ, 'ನನ್ನವ್ವಾ, ನನ್ನ ಬಂಗಾರಾ' ಎನ್ನುತ್ತ ಕೈಗಿಡುತ್ತಾರೆ. ಗದರಿಸಿ ಕೊಟ್ಟಿದ್ದರೆ ಮಗು ಉಗುಳುತ್ತಿತ್ತು. ಮುದ್ದು ಮಾಡಿ ಕೊಟ್ಟದ್ದನ್ನು ಯಾವ ಮಗು ಉಗುಳುತ್ತದೆ ಹೇಳಿ? ಸಿಟ್ಟು ಮಾಡಲೂ ಎಡೆಯಿಲ್ಲದ ಈ ಪ್ರೀತಿಗೇ ನಾನು ಹೆಚ್ಚು ಹೆದರಿದ್ದು.

ಆ ವರ್ಷದ ಬೇಸಗೆಯಲ್ಲಿ ಇಂಡಿ ಊರಿನಿಂದ ನನ್ನ ತಮ್ಮ ಬಂದ. ಹೈಸ್ಕೂಲಿನಲ್ಲಿ ಹೊಸ ಮಾಸ್ತರ, ಇಸ್ತ್ರಿ ಮಾಡಿದ ಶರ್ಟು, ನಾಲ್ಕು ಮಂದಿ ಕೇಳುವಂಥ ಮಾತು. ಬಂದವನನ್ನು ಅಡುಗೆಮನೆಗೆ ಕರೆದು ಕೈ ಹಿಡಿದುಕೊಂಡು ಬೇಡಿದೆ: ನಮ್ಮ ಮಾವನವರಿಗೆ ಹೇಳಪ್ಪಾ, ನೀನು ಹೇಳಿದರೆ ಕೇಳುತ್ತಾರೆ, ಕೂಸಿನ ಕೈಗೆ ಚಿಲುಮೆ ಕೊಡಬೇಡಿರಿ ಅನ್ನು. "ಇಷ್ಟಕ್ಕ ಅಳ್ತೀಯೇನಕ್ಕಾ? ಈಗ ಹೇಳಿ ಬರ್ತೇನಿ ತಡಿ" ಎಂದು ಎದ್ದು ಹೋದ. ನಾನು ಬಾಗಿಲ ಸಂದಿಗೆ ಕಣ್ಣು ಹಚ್ಚಿ ನಿಂತೆ.

ಕಟ್ಟೆಯ ಮೇಲೆ ಕುಳಿತ ತಮ್ಮ ಒಮ್ಮೆ ಗಂಟಲು ಸರಿಮಾಡಿಕೊಂಡ, ಆಮೇಲೆ ಕಿಸೆಗೆ ಕೈ ಹಾಕಿದ. ತೆಗೆದದ್ದೇನು? ಸೊಲ್ಲಾಪುರದಲ್ಲಿ ಕೊಂಡ, ಕೊಕ್ಕು ಬಗ್ಗಿದ, ಮಿರಮಿರ ಮಿಂಚುವ ಕಟ್ಟಿಗೆಯ ಪೈಪು!

ಮಾವನವರು ಅದನ್ನು ಹೊರಳಿಸಿ ನೋಡಿ ಬಿದ್ದು ಬಿದ್ದು ನಕ್ಕರು. "ಇಲ್ಲಿ ನೋಡ್ರೋ, ಚಿಲುಮಿ ಪ್ಯಾಂಟ್ ಹಾಕ್ಕೊಂಡ್ ಬಂದೈತಿ!"

"ದೊಡ್ಡ ದೊಡ್ಡ ಪ್ರೊಫೆಸರ್ ಮಂದಿ ಸೇದ್ತಾರ್ರಿ ಬೀಗರ, ಒಂದ್ ದಮ್ ಎಳದ್ ನೋಡ್ರಿ."

ಅವರು ಇವನದನ್ನು ಎಳೆದರು, ಇವನು ಅವರದನ್ನು ಎಳೆದು ಕೆಮ್ಮಿ ಕಣ್ಣು ಕೆಂಪಗೆ ಮಾಡಿಕೊಂಡ. ಹೇಳಬೇಕಾದ ಮಾತು ಹೊಗೆಯಲ್ಲೇ ಹೋಯಿತು. ನಡುವೆ ನಿಂತಿದ್ದ ನೀಲವ್ವ ಕಣ್ಣರಳಿಸಿ, "ಮಾಮಾ, ಇದನ್ನ ಹ್ಯಾಂಗ ಹತ್ತಸ್ತಾರ? ನನಗೂ ಕಲಸೋ" ಎಂದಳು. ಎಲ್ಲರೂ ಹೋ ಎಂದು ನಕ್ಕರು. ನಾನು ಬಾಗಿಲ ಸಂದಿಯಿಂದ ಕಣ್ಣು ತೆಗೆದೆ. ಮಣ್ಣಿನ ಚಿಲುಮೆ ಸಾಯುತ್ತದೆ ಎಂದಲ್ಲವೇ ನಾನು ಹಿಗ್ಗಿದ್ದು? ಅದು ಸಾಯುವ ಜಾತಿಯದಲ್ಲ, ವೇಷ ಬದಲಿಸುವ ಜಾತಿಯದು; ಓದು ಬಂದರೆ ಓದಿದವರ ಕಿಸೆಯೊಳಗೇ ಕುಳಿತು ಬರುತ್ತದೆ. ಹೊರಡುವಾಗ ತಮ್ಮ ಮುಖ ತಪ್ಪಿಸುತ್ತ, "ಹಿರ್ಯಾರಿಗೆ ಹ್ಯಾಂಗ್ ಹೇಳೂದಕ್ಕಾ, ಭಾಳ ಚೊಲೋ ಮನುಷ್ಯಾರ ಅದಾರ" ಎಂದ. ಚೊಲೋ ಮನುಷ್ಯರೇ, ಯಾರು ಅಲ್ಲವೆಂದರು?

ಆಮೇಲೆ ನಾನೊಂದು ದಾರಿ ಹುಡುಕಿದೆ. ಹೇಳಲು ಬಾಯಿಲ್ಲದವರು ಹುಡುಕುವ ದಾರಿ ಅದು. ಮಾವನವರು ಕೂಗಿದೊಡನೆ ಮಗಳ ಕೈಯಿಂದ ಚಿಲುಮೆ ಇಸಿದುಕೊಂಡು, ಒಲೆಯ ಮುಂದೆ ಕುಳಿತು, ಇಕ್ಕಳದಿಂದ ಕೆಂಡವಿಟ್ಟು, ನಾನೇ ಎಳೆಯತೊಡಗಿದೆ. ಮೊದಲ ಸಲ ತಲೆ ಗಿರ್ರೆಂದು ಒಲೆಯ ಮೇಲೆ ಬೀಳುವುದೊಂದು ಬಾಕಿ. ವಾಂತಿ ಬಂತು. ಹತ್ತಿದ ಚಿಲುಮೆಯನ್ನು ಮಗಳ ಕೈಗೆ ಕೊಟ್ಟು, "ಬಾಯಿಗೆ ಹಚ್ಚಬ್ಯಾಡ, ಹಂಗ ಒಯ್ದು ಕೊಡು. ಮುತ್ಯಾಗ ಏನೂ ಹೇಳಬ್ಯಾಡ" ಎಂದೆ. ಹೊರಗೆ ಮಾವನವರು ಒಂದು ದಮ್ಮು ಎಳೆದು, "ನಮ್ಮ ನೀಲವ್ವನ ಹಂಗ ಹತ್ತಸಾವ್ರು ಈ ಊರಾಗ ಯಾರೂ ಇಲ್ಲ ಬಿಡು" ಎಂದು ಮೆಚ್ಚಿಕೊಂಡರು. ನನ್ನ ಮಗಳ ಎದೆ ಉಳಿಯಿತೆಂಬ ಸಮಾಧಾನದಲ್ಲಿ ಆ ಕಮಟು ವಾಸನೆಯನ್ನೂ ನುಂಗಿಕೊಂಡೆ.

ಮಳೆಗಾಲ ಕಳೆದು ಜೋಳದ ಬಿತ್ತಿಗೆ ಮುಗಿಯಿತು. ಒಂದು ಸಂಜೆ ಮಾವನವರು ಬೀಗರ ಊರಿಗೆ ಹೋಗಿದ್ದರು, ಕೂಗು ಬರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ನನಗೆ ಯಾಕೋ ತಲೆ ಸಿಡಿಯತೊಡಗಿತು. ಯಾರ ಮೇಲಾದರೂ ಹಾಯಬೇಕೆನಿಸುವಷ್ಟು ಸಿಟ್ಟು. ಹಿಟ್ಟು ನಾದುತ್ತಿದ್ದವಳು ಮೂರು ಸಲ ಅರಿವೆ ತೂಗುವ ಗೂಟದ ಕಡೆ ನೋಡಿದೆ. ಮೂರನೆಯ ಸಲ ನೋಡಿದಾಗ ನನಗೆ ತಿಳಿಯಿತು. ನನ್ನ ಮೈ ಚಿಲುಮೆ ಕೇಳುತ್ತಿತ್ತು. ಅಪ್ಪ ಗಾಡಿಯಲ್ಲಿ ಕುಳಿತು ಕೈ ಚಾಚಿದ್ದು ಯಾಕೆಂದು ಅಲ್ಲಿಯವರೆಗೆ ನನಗೆ ಅರ್ಥವಾಗಿರಲಿಲ್ಲ. ಆದರೂ ಮರುದಿನ ಮಾವನವರು ಬಂದು ಕೂಗಿದಾಗ ಒಲೆಯ ಮುಂದೆ ಕುಳಿತೆ. ಒಂದೆರಡು ದಮ್ಮು ಸಾಕಾಗುವಲ್ಲಿ ಇನ್ನೂ ಒಂದೆರಡು ಎಳೆದೆ. ಮಗಳಿಗಾಗಿ ಎಂದೇ ಹೇಳಿಕೊಂಡೆ.

ಚಳಿ ಬಿದ್ದಾಗ ನನಗೆ ಜ್ವರ ಬಂತು. ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ಜ್ವರದ ಮಂಪರಿನಲ್ಲಿ ಹೊರಗಿನ ಕೂಗು ಕೇಳುತ್ತಿತ್ತು, ಚಿಲುಮೆ ಹೋಗುವುದೂ ತಿಳಿಯುತ್ತಿತ್ತು. ಯಾರು ಹತ್ತಿಸುತ್ತಿದ್ದಾರೆಂದು ಯೋಚಿಸುವ ಶಕ್ತಿ ಇರಲಿಲ್ಲ. ಜ್ವರ ಇಳಿದ ದಿನ ಮಧ್ಯಾಹ್ನ ನೀಲವ್ವ ಮೆಲ್ಲಗೆ ಬಂದು ನನ್ನ ತಲೆದಿಂಬಿನ ಬಳಿ ಕುಳಿತಳು. ಅವಳ ಎರಡೂ ಕೈ ನಡುವೆ ಚಿಲುಮೆ, ಮೇಲೆ ಕೆಂಡ ಕೆಂಪಗೆ ಉರಿಯುತ್ತಿತ್ತು.

"ಯವ್ವಾ, ಮುತ್ಯಾಂದು ಆತು. ಇದು ನಿನಗ. ತಲಿನೋವು ಹೋಗ್ತೈತಿ, ತಗೋ."

ನನ್ನ ಕೈ ಮುಂದಕ್ಕೆ ಹೋಯಿತು. ಸುಳ್ಳು ಯಾಕೆ ಹೇಳಲಿ, ಮೊದಲು ಹೋದದ್ದು ಕೈಯೇ. ಅಂಜಿಕೆ ಆಮೇಲೆ ಬಂತು. ಅವಳ ಗಲ್ಲ ಹಿಡಿದು ಹತ್ತಿರಕ್ಕೆಳೆದು ಬಾಯಿ ಮೂಸಿದೆ. ನನ್ನ ಅಪ್ಪನ ವಾಸನೆ.

ಅವಳು ಹೆಮ್ಮೆಯಿಂದ ನಕ್ಕಳು. "ಈಗ ನನಗ ಕೆಮ್ಮು ಬರಂಗಿಲ್ಲಬೇ."

ನಾನು ಹೇಗೆ ಎದ್ದೆನೋ ಗೊತ್ತಿಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡು, ಉರಿಯುವ ಚಿಲುಮೆಯನ್ನು ಕೈಯಲ್ಲಿ ಹಿಡಿದು, ಗೋಡೆ ಹಿಡಿದುಕೊಂಡು, ಯಾವ ಸೊಸೆಯೂ ದಾಟದ ಹೊಸ್ತಿಲು ದಾಟಿ ಕಟ್ಟೆಗೆ ಬಂದೆ. ಮಾವನವರ ಜತೆ ಓಣಿಯ ಹಿರಿಯರಿದ್ದರು.

"ಮಾವಾರ, ನೀಲವ್ವ ಇನ್ನ ಚಿಲುಮಿ ಹತ್ತಸಂಗಿಲ್ರಿ. ನಾನೂ ಹತ್ತಸಂಗಿಲ್ಲ. ಇಷ್ಟ ದಿನಾ ಆಕಿ ಅಲ್ರಿ, ನಾ ಹತ್ತಸತಿದ್ದೆ. ನನಗ ಅದರ ಚಟಾ ಹತ್ತೇತ್ರಿ. ಈಗ ಕೂಸಿಗೂ ಹತ್ತಾಕತ್ತೇತ್ರಿ."

ಮಾವನವರು ನನ್ನ ಮುಖ ನೋಡಿದರು. ಮದುವೆಯಾಗಿ ಬಂದ ಮೇಲೆ ಅವರು ನನ್ನನ್ನು ನೇರವಾಗಿ ನೋಡಿದ್ದು ಅದೇ ಮೊದಲು. ಬಯ್ಯುತ್ತಾರೆ, ತವರಿಗೆ ಅಟ್ಟುತ್ತಾರೆ, ಗಂಡನನ್ನು ಕರೆಸುತ್ತಾರೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಅವರ ಎದೆಯ ಗೊರಗೊರ ಹತ್ತಿರ ಬಂತು. ಆಮೇಲೆ ನನ್ನ ಕೈಯಿಂದ ಚಿಲುಮೆ ತೆಗೆದುಕೊಂಡು, ಕಟ್ಟೆಯ ಕಲ್ಲಿಗೆ ಬೋರಲು ಮಾಡಿ ತಟ್ಟಿದರು. ಕೆಂಡ ಮಣ್ಣಿಗೆ ಬಿತ್ತು.

"ಇದನ್ನ ಹೇಳಾಕ ಇಷ್ಟ ದಿನಾ ಬೇಕಾತೇನವಾ ನಿನಗ?" ಎಂದರು.

ಆ ಸಂಜೆ ದೀಪ ಹಚ್ಚುವ ಹೊತ್ತು ಬಂತು. ಹೊರಗಿನಿಂದ ಕೂಗು ಬರಲಿಲ್ಲ. ಮಾವನವರು ಕಂಬಕ್ಕೆ ಒರಗಿ ಖಾಲಿ ಬೆರಳುಗಳನ್ನು ಹಿಸುಕಿಕೊಳ್ಳುತ್ತ ಕುಳಿತಿದ್ದರು. ನಾನು ಒಲೆಯ ಮುಂದೆ, ತಲೆ ಸಿಡಿಯುತ್ತಿತ್ತು, ಬಾಯಿ ಒಣಗಿತ್ತು. ಅವರು ಬಿಟ್ಟಾರೋ ಇಲ್ಲವೋ ದೇವರೇ ಬಲ್ಲ, ನಾನು ಬಿಡಬಲ್ಲೆನೋ ಇಲ್ಲವೋ ಅದೂ ಅವನಿಗೇ ಗೊತ್ತು. ನೀಲವ್ವ ನನ್ನ ಪಕ್ಕದಲ್ಲೇ ಕುಳಿತು, ಇಕ್ಕಳ ಹಿಡಿದು, ಒಲೆಯೊಳಗಿನ ಕೆಂಡಗಳನ್ನು ಸುಮ್ಮಸುಮ್ಮನೆ ಅತ್ತಿತ್ತ ಸರಿಸುತ್ತಿದ್ದಳು. ಒಂದು ಚೆಂದದ ಕೆಂಡವನ್ನು ಆರಿಸಿ ಬದಿಗಿಟ್ಟಳು, ಊದಿದಳು, ಬಾಗಿಲ ಕಡೆ ನೋಡಿದಳು.

ನಾನು ಅವಳ ಕೈಯನ್ನೇ ನೋಡುತ್ತ ಕುಳಿತೆ.