ಪಟ್ಟಿಯಲ್ಲಿ ಬರೆಯದ ಮನೆ

ಸೆಪ್ಟೆಂಬರ್ 7, 2025, ಭಾನುವಾರ. ಬೆಳಿಗ್ಗೆ 6:20ಕ್ಕೆ ಪತ್ರಿಕೆಗೆ ಇದನ್ನು ಬರೆಯಲು ಕೂತೆ.

ಶ್ರಾವಣದಲ್ಲಿ ಕೊಪ್ಪಳದ ನಮ್ಮ ಓಣಿಯಿಂದ ಪ್ರತಿ ಸೋಮವಾರ ಮಠದ ದಾಸೋಹಕ್ಕೆ ಜೋಳದ ರೊಟ್ಟಿ ಹೋಗುತ್ತವೆ. ಮನೆಗೆ ಇಪ್ಪತ್ತು. ಎಲ್ಲವನ್ನೂ ಬರೆದಿಡುವ ಚಟ ನನಗಿರುವುದರಿಂದ ಈ ವರ್ಷ ರೊಟ್ಟಿ ಕೂಡಿಸುವ ಕೆಲಸ ನನ್ನ ಪಾಲಿಗೆ ಬಂತು. ಹದಿನಾಲ್ಕು ಮನೆಗಳ ಪಟ್ಟಿ ಮಾಡಿದೆ.

ಜುಲೈ 28, ಮೊದಲ ಸೋಮವಾರ. ಗಾದಿ ಹೊಲಿಯುವ ಚಾಚಿ ತಮ್ಮ ಬಾಗಿಲಲ್ಲಿ ನಿಂತು ಕರೆದರು. ಗಂಡ ತೀರಿಕೊಂಡ ಮೇಲೆ ಆ ಬಾಡಿಗೆ ಮನೆಯಲ್ಲಿ ಅವರು ಒಬ್ಬರೇ ಇದ್ದರು.

"ಯವ್ವಾ, ನಮ್ಮನಿಗೂ ಬಂದು ಹೋಗ. ರೊಟ್ಟಿ ಮಾಡೇನಿ."

"ನಿಮ್ಮನಿ ಪಟ್ಟಿಯಾಗ ಇಲ್ಲ ಬಿಡ್ರಿ ಚಾಚಿ. ನಿಮಗ್ಯಾಕ ತ್ರಾಸು?"

"ಹೌದನು?" ಎಂದು ನಕ್ಕರು. ನಾನು ಮುಂದಿನ ಮನೆಗೆ ಹೋದೆ. ಮಠದವರು ಯಾರನ್ನೂ ಬಿಡಲು ಹೇಳಿರಲಿಲ್ಲ. ಮುಸ್ಲಿಮರ ಮನೆ, ಕೊಡಲಿಕ್ಕಿಲ್ಲ ಎಂದು ನಾನೇ ಅಂದುಕೊಂಡಿದ್ದೆ. ಮಾಡಿದ್ದೇನೆ ಎಂದ ಮೇಲೂ ಬಿಟ್ಟು ಹೋದದ್ದಕ್ಕೆ ನನ್ನ ಬಳಿ ಕಾರಣವಿಲ್ಲ. ಪಟ್ಟಿಯ ಕೆಳಗೆ ಗೆರೆ ಎಳೆದಾಗಿತ್ತು, ಅಷ್ಟೇ.

ಅದೇ ಸಂಜೆ ಮಠದ ಪ್ರವಚನದಲ್ಲಿ, ಬಂದವರ ಕುಲ ಕೇಳದೆ ಪಂಕ್ತಿಗೆ ಕೂಡಿಸುತ್ತಿದ್ದ ಶರಣರೊಬ್ಬರ ಕಥೆ ಹೇಳಿದರು. ನನ್ನ ಕಣ್ಣು ತುಂಬಿತ್ತು. ಡೈರಿಯಲ್ಲಿ ಒಂದೂವರೆ ಪುಟ ಬರೆದೆ. "ಇಂಥವರು ಈಗ ಎಲ್ಲಿ?" ಎಂಬುದು ಕೊನೆಯ ಸಾಲು.

ಎರಡನೆಯ ಸೋಮವಾರದಿಂದ ಚಾಚಿಯ ಪಕ್ಕದ ಮನೆಯ ಅಕ್ಕನ ಬುಟ್ಟಿಯಲ್ಲಿ ನಲವತ್ತು ರೊಟ್ಟಿ ಬರತೊಡಗಿದವು. ಮೂರೂ ವಾರ ನಲವತ್ತು. ಶ್ರಾವಣ ಮುಗಿದ ದಿನ ನನ್ನ ಲೆಕ್ಕ ನೋಡಿ ಮಠದಲ್ಲಿ ಅಕ್ಕನಿಗೆ ಶಾಲು ಹೊದಿಸಿದರು. ಮರುದಿನ ಬೆಳಿಗ್ಗೆ ಅಕ್ಕ ಅದನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದಳು.

"ಏ ಹುಡುಗಿ, ನನ್ನ ಕೈಲೆ ನಲವತ್ತು ರೊಟ್ಟಿ ಆಕ್ಕಾವೇನ? ನನ್ನ ಗಂಡಗ ನಾಕು ಬಡದು ಹಾಕೂದ್ರಾಗ ಸೊಂಟ ಹಿಡಿತೈತಿ. ಅರ್ಧ ಚಾಚಿವು. 'ಆ ಕೂಸಿಗೆ ಹೇಳಬ್ಯಾಡ, ಮನಸಿಗೆ ಹಚ್ಚಿಕೊಂತೈತಿ' ಅಂದಿದ್ಲು."

"ಮಠದಾಗರ ಹೇಳಬಾರದಿತ್ತೇನಕ್ಕಾ?"

"ಮೈಕಿನ ಮುಂದ ಬಾಯಿ ಬರಲಿಲ್ಲವ್ವಾ."

ಚಾಚಿಯ ಮನೆಗೆ ಓಡಿದೆ. ಬೀಗ ಹಾಕಿತ್ತು. ಹಿಂದಿನ ದಿನವೇ ಮನೆ ಖಾಲಿ ಮಾಡಿ, ಗಂಗಾವತಿ ಕಡೆಯ ಮಗಳ ಊರಿಗೆ ಹೋದರೆಂದು ಹಿಂದೆಯೇ ಬಂದ ಅಕ್ಕ ಹೇಳಿದಳು. ಊರಿನ ಹೆಸರನ್ನು ಅಕ್ಕ ಕೇಳಿರಲಿಲ್ಲ. ಫೋನು ಹತ್ತಲಿಲ್ಲ.

ಆಗಸ್ಟ್ 31ರಂದು ಗಂಗಾವತಿ ಹತ್ತಿರದ ಮರಳಿ ಎಂಬ ಊರಿಗೆ ಹೋಗಿ ಬಂದೆ. ಸುತ್ತಲಿನ ಮೂರು ಊರು, ಹನ್ನೊಂದು ಮನೆ. ಸಿಗಲಿಲ್ಲ. ಡೈರಿಯ ಲೆಕ್ಕವನ್ನು ಇನ್ನೂ ತಿದ್ದಿಲ್ಲ. ತಿದ್ದಿದರೆ ನನಗೆ ಹಗುರಾಗುತ್ತದೆ, ಅವರಿಗೇನೂ ತಲುಪುವುದಿಲ್ಲ. ಮೊದಲ ಸೋಮವಾರದ ಆ ಇಪ್ಪತ್ತು ರೊಟ್ಟಿಯನ್ನು ಒಬ್ಬರೇ ಎಷ್ಟು ದಿನ ಉಂಡರೋ. ಅದು ಯಾವ ಪುಟದಲ್ಲೂ ಇಲ್ಲ.

ಗಂಗಾವತಿ ಕಡೆಯ ಓದುಗರೇ, ಕೊಪ್ಪಳದಿಂದ ಈಚೆಗೆ ಬಂದ, ಗಾದಿ ಹೊಲಿಯುವ ಹಿರಿಯ ಚಾಚಿಯೊಬ್ಬರು ನಿಮ್ಮ ಊರಲ್ಲಿದ್ದರೆ ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ. ಊರು ಯಾವುದೆಂದು ತಿಳಿಸಿದರೆ ಸಾಕು. ಅವರ ಬಾಗಿಲಿಗೆ ನಾನೇ ಹೋಗಬೇಕು.