ಕಣ್ಣಿದ್ದ ಕಡೆಗೆ ಕಾರು

ನಾನು ನಿಂತದ್ದು ಮಹಾಪೆಯ ಮುಚ್ಚಿದ ಕಾರ್ಖಾನೆಯೊಂದರ ಅಂಗಳದಲ್ಲಿ, ನೀರಿನ ಟಾಕಿಯ ಪಕ್ಕ. ಮಳೆಗಾಲ ಮುಗಿದ ಮೇಲಿನ ಒಂದು ಭಾನುವಾರ, ಬೆಳಗಿನ ಏಳೂವರೆಗೆ.

ಕಾರು ಓಡಿಸುತ್ತಿದ್ದವಳು ವರ್ತಕ ನಗರದಲ್ಲಿ ನಮ್ಮ ಕೆಳಗಿನ ಮನೆಯ, ಧಾರವಾಡ ಕಡೆಯ ಹುಡುಗಿ. ಜೊತೆಗೊಬ್ಬರು ದೊಡ್ಡವರಿರಲಿ ಎಂದು ಅವಳ ಅವ್ವ ನನ್ನನ್ನು ಕಳಿಸುತ್ತಿದ್ದರು. ಕಾರನ್ನು ಅಡ್ಡಡ್ಡ ಜಾರಿಸಿ ತಿರುಗಿಸುವ ಡ್ರಿಫ್ಟಿಂಗನ್ನೇ ವೃತ್ತಿ ಮಾಡಿಕೊಳ್ಳಬೇಕೆಂಬ ಹಟ ಅವಳದು. ಮುಂದಿನ ವಾರವೇ ಒಂದು ತಂಡದ ಆಯ್ಕೆಯಿತ್ತು. ಅದಕ್ಕೆ ಅವರವರ ಸ್ವಂತ ಕಾರನ್ನೇ ತರಬೇಕಿತ್ತು.

ಉಡುಪಿ ಹೋಟೆಲಿನ ಖಾಲಿ ಎಣ್ಣೆಡಬ್ಬಿಗಳನ್ನು ಸಾಲಾಗಿಟ್ಟು ಅವುಗಳ ನಡುವೆ ಜಾರುತ್ತಿದ್ದಳು.

"ಡಬ್ಬಿಗೆ ತಾಗುದಿಲ್ವಾ ಮಾರಾಯ್ತಿ?" ಎಂದರೆ ಅವಳದು ಒಂದೇ ಮಾತು: "ಡಬ್ಬಿ ನೋಡಿದ್ರ ಡಬ್ಬಿಗೇ ಬಡೀತದ ಕಾಕಾ. ಎಲ್ಲಿ ಹೋಗಬೇಕೋ ಅಲ್ಲೇ ನೋಡಬೇಕ್ರೀ." ಹೇಳುವಾಗ ಗದ್ದವನ್ನೂ ಆ ಕಡೆಗೆ ತಿರುಗಿಸುತ್ತಿದ್ದಳು.

ಅಂದು ಟೈರುಗಳಿಂದ ಬಿಳಿ ಹೊಗೆ ಎದ್ದಿತು. ಆ ದಿನವೇ ಕೆಲಸಕ್ಕೆ ಸೇರಿದ್ದ ಮುದುಕ ವಾಚ್‌ಮನ್ ಕಾರಿಗೆ ಬೆಂಕಿ ಬಿತ್ತೆಂದುಕೊಂಡ. "ಆಗ್ ಲಗೀ! ಬೇಟೀ, ಉತರ್!" ಎಂದು ಅವಳಿಗೆ ಇಳಿಯಲು ಕೂಗಿ ಹೇಳುತ್ತ, ಬಕೆಟ್ ನೀರು ಹಿಡಿದು ಹೊಗೆಯೊಳಕ್ಕೇ ಓಡಿದ.

ಕಾರು ಅವನತ್ತಲೇ ಜಾರಿ ಬರುತ್ತಿತ್ತು. ಕಿಟಕಿಯಲ್ಲಿ ಅವಳ ಮುಖ ನನಗೆ ಸ್ಪಷ್ಟವಾಗಿ ಕಂಡಿತು. ಒಮ್ಮೆ ಅವನನ್ನು ಕಂಡಳು. ಮತ್ತೆ ಅವನತ್ತ ನೋಡಲಿಲ್ಲ. ಗದ್ದ ಗೋಡೆಯ ಕಡೆಗೆ ತಿರುಗಿತು. ಕಾರು ಹೋಗಿ ಗೋಡೆಗೆ ಬಡಿಯಿತು.

ನುಜ್ಜುಗುಜ್ಜಾದ ಬಾನೆಟ್ಟಿನಿಂದ ಆವಿ ಏಳುತ್ತಿತ್ತು. ಇಳಿದು ಬಂದವಳು, "ಸೆಲೆಕ್ಷನ್ ಹೋತ್ರೀ ಕಾಕಾ," ಎಂದಳು. ಆಮೇಲೆ, ಬಕೆಟ್ ಹಿಡಿದೇ ನಿಂತಿದ್ದ ಮುದುಕನಿಗೆ, ಈಗ ಸುರಿ ಎಂಬಂತೆ ಬಾನೆಟ್ ತೋರಿಸಿ: "ಬಾಬಾ, ಅಬ್ ಡಾಲೋ ಪಾನೀ."

ಇದನ್ನು ನನ್ನ ಹೊರತು ಕಂಡವನು ಆ ವಾಚ್‌ಮನ್ ಒಬ್ಬನೇ. ಶಹಾಡಿನಲ್ಲಿ ಮಗಳ ಮನೆಯಲ್ಲಿದ್ದಾನೆ. ಇಂದಿಗೂ ಬದುಕಿದ್ದಾನೆ.