ಮಾತು ಹಸನ ಮಾಡಿಸಿದ ಗಿರಣಿ ದೊಡ್ಡವ್ವ

ಆಗಷ್ಟೇ ಬೀಸಿಸಿ ತಂದ ಜೋಳದ ಹಿಟ್ಟನ್ನು ಬಟ್ಟೆಯ ಮೇಲೆ ಹರವಿ ಆರಲು ಬಿಡುತ್ತಿದ್ದೆ. ಬಿಸಿ ಹಿಟ್ಟನ್ನು ಹಾಗೇ ಡಬ್ಬಿಗೆ ತುಂಬಿದರೆ ಗಂಟು ಕಟ್ಟುತ್ತದೆ, ನಾಲ್ಕು ದಿನಕ್ಕೆ ಮುಗ್ಗು ವಾಸನೆ ಬರುತ್ತದೆ. ಆ ಬಿಸಿಯ ಘಮ ಇನ್ನೂ ಮೂಗಿನಲ್ಲಿರುವಾಗಲೇ ಊರಿನಿಂದ ನಾದಿನಿಯ ಫೋನು ಬಂತು.

"ವೈನಿ, ಗಿರಣಿ ದೊಡ್ಡವ್ವ ಹೋದಳ್ರಿ. ಮುಂಜಾನಿ ಚಾ ಕುಡದು ಅಡ್ಡಾದಾಕಿ ಏಳಲೇ ಇಲ್ಲ. ಯಾರಿಗೂ ತ್ರಾಸ ಕೊಡಲಿಲ್ಲ ನೋಡ್ರಿ."

ನರಳದೆ ಹೋದಳಲ್ಲ, ಅದೊಂದು ದೇವರ ದಯೆ ಎಂದು ಮೊದಲು ಅನಿಸಿತು. ಆಮೇಲೆ ಅಳು ಬಂತು. ಹಿಟ್ಟಿನ ಕೈಯಲ್ಲಿ ಕಣ್ಣು ಒರೆಸಿಕೊಳ್ಳಲಿಕ್ಕೂ ಆಗದೆ ಸುಮ್ಮನೆ ಕೂತೆ.

ಅವಳು ನನಗೆ ರಕ್ತಸಂಬಂಧಿಯಲ್ಲ. ಶಹಾಪುರದ ಆಚೆ, ಕಾಲುವೆಯ ದಂಡೆಗಿರುವ ನನ್ನ ಗಂಡನ ಊರಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಹೆಣ್ಣುಮಗಳು. ಇಡೀ ಊರಿಗೆ ದೊಡ್ಡವ್ವ. ಗಂಡ ತೀರಿಕೊಂಡಾಗ, ಹೆಂಗಸಿನ ಕೈಲಿ ಗಿರಣಿ ನಡೆಯುತ್ತದೆಯೇ, ಮುಚ್ಚಿಬಿಡು ಎಂದು ಮೈದುನರು ಹೇಳಿದ್ದರಂತೆ. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಯಂತ್ರದ ಗಾಲಿಗೆ ತಾನೇ ಪಟ್ಟಾ ಏರಿಸಿ, ಮರುದಿನದಿಂದಲೇ ಬೀಸತೊಡಗಿದಳಂತೆ. ನಾನು ಕಂಡಾಗ ಅವಳ ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲು ಎಲ್ಲ ಹಿಟ್ಟು ಹಿಡಿದು ಬೆಳ್ಳಗಾಗಿದ್ದವು. ನಿಜವಾದ ನರೆ ಯಾವುದು, ಹಿಟ್ಟು ಯಾವುದು ಎಂದು ಯಾರಿಗೂ ತಿಳಿಯುತ್ತಿರಲಿಲ್ಲ.

ನನ್ನ ತವರೂರು ಸಗರದಿಂದ ಆ ಊರಿಗೆ ನಾನು ಸೊಸೆಯಾಗಿ ಹೋದದ್ದು ಕಾಲುವೆಗೆ ನೀರು ಬಿಟ್ಟ ಹೊಸದರಲ್ಲಿ. ಊರೆಲ್ಲ ಸಡಗರ. ತಲೆತಲಾಂತರದಿಂದ ಜೋಳ ಬಿತ್ತಿದವರು ಭತ್ತ ಹಚ್ಚತೊಡಗಿದ್ದರು. ನಮ್ಮ ಮನೆಯ ಹೊಲಕ್ಕೂ ನೀರು ಬಂತು. ಆದರೆ ನಮ್ಮ ಅತ್ತೆಗೆ ಅವರ ತಂದೆ ಕೊಟ್ಟಿದ್ದ ಎರೆಹೊಲ, ಅವರು ಬಿಳಿಜೋಳ ಬೆಳೆಯುತ್ತಿದ್ದ ಹೊಲ, ಕಾಲುವೆ ಅಗೆಯುವಾಗಲೇ ಹೋಗಿತ್ತು. ಅಂದಿನಿಂದ ನಮ್ಮ ಮನೆಗೆ ಸಂತೆಯ ಜೋಳ. ಇದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿತ್ತು, ಆದರೆ ಅದರ ಮೇಲೆ ಮನಸ್ಸು ಇಟ್ಟಿರಲಿಲ್ಲ.

ಸಂತೆಯ ಜೋಳದ ಹಿಟ್ಟಿಗೆ ಜಿಗಿ ಇರುತ್ತಿರಲಿಲ್ಲ. ಜಿಗಿ ಇಲ್ಲದಿದ್ದರೆ ಹಿಟ್ಟು ಒಂದಕ್ಕೊಂದು ಹಿಡಿಯುವುದಿಲ್ಲ. ಬಡಿಯುವಾಗಲೇ ರೊಟ್ಟಿ ಸೀಳುತ್ತದೆ. ನಾನು ಮನೆ ಹೊಕ್ಕ ದಿನದಿಂದ ಅತ್ತೆ ಒಲೆಯ ಮುಂದೆ ಕೂತದ್ದೇ ಇಲ್ಲ. ರೊಟ್ಟಿ ಪೂರ್ತಿ ನನ್ನ ಪಾಲಿಗೆ. ಸೊಸೆ ಬಂದಳು, ಇನ್ನು ಕೂತು ಉಣ್ಣುವ ಆಸೆ ಎಂದು ಒಳಗೊಳಗೇ ಉರಿಯುತ್ತಿದ್ದೆ. ಅವರು ನನ್ನ ಹೆಸರು ಹಿಡಿದು ಕರೆಯುತ್ತಿರಲಿಲ್ಲ. "ಏ ಸಗರದಾಕಿ" ಎಂದೇ ಕರೆಯುವುದು. ರೊಟ್ಟಿ ಹರಿದರೆ, "ಸಗರದಾಗ ರೊಟ್ಟಿ ತಿಂತಾರೋ, ಬರೇ ನುಚ್ಚು ಕುಡೀತಾರೋ?" ಎನ್ನುವುದು. ಒಂದು ದಿನ ಅವರ ಅಣ್ಣ ಊಟಕ್ಕೆ ಕೂತಿದ್ದರು. ನನ್ನ ರೊಟ್ಟಿ ಹಂಚಿನ ಮೇಲೆ ನಾಲ್ಕು ತುಂಡಾಯಿತು. "ಇಕೀ ಅವ್ವ ಇಕೀಗೆ ತಲಿ ಬಾಚಿ ಕಳಿಸ್ಯಾಳ, ಮತ್ತೇನೂ ಕಲಿಸಿಲ್ಲ ಬಿಡಣ್ಣ" ಎಂದರು ಅತ್ತೆ. ಆ ಕ್ಷಣಕ್ಕೇ ನಿಶ್ಚಯ ಮಾಡಿದೆ: ನನ್ನ ಎಳೆಗೂಸನ್ನು ಎತ್ತಿಕೊಂಡು ತವರಿಗೆ ಹೋಗುವುದು, ಮತ್ತೆ ತಿರುಗಿ ಬರುವುದಿಲ್ಲ.

ಮರುದಿನ ಜೋಳ ಹೊತ್ತುಕೊಂಡು ಗಿರಣಿಗೆ ಹೋದೆ. ಆ ಗಿರಣಿಯದೊಂದು ರೂಢಿ ಹೇಳಬೇಕು. ಗಿರಣಿ ಹಚ್ಚಿದರೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಅದಕ್ಕೇ ಹೆಂಗಸರು ತಮ್ಮ ಪಾಳಿ ಬಂದಾಗ ದೊಡ್ಡವ್ವನ ಕಿವಿಗೆ ಬಾಯಿ ಹಚ್ಚಿ, ಒಳಗಿದ್ದದ್ದನ್ನೆಲ್ಲ ಒದರಿ ಹೇಳಿಕೊಳ್ಳುತ್ತಿದ್ದರು. ಪಾಳಿಯಲ್ಲಿ ಕೂತವರಿಗೆ ಬಾಯಿ ಆಡುವುದಷ್ಟೇ ಕಾಣುತ್ತಿತ್ತು. ದೊಡ್ಡವ್ವ ಹಿಟ್ಟನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡುತ್ತ ಕೇಳಿಸಿಕೊಳ್ಳುವಳು. ಒಬ್ಬರದನ್ನು ಇನ್ನೊಬ್ಬರಿಗೆ ಮುಟ್ಟಿಸಿದ್ದನ್ನು ನಾನು ಕಾಣೆ. ಬುದ್ಧಿವಾದವನ್ನೂ ಹೇಳುತ್ತಿರಲಿಲ್ಲ. ಡಬ್ಬಿ ಕೈಗೆ ಕೊಡುವಾಗ ಒಂದೇ ಮಾತು: "ಜ್ವಾಳ ಹಸನ ಮಾಡಿ ತರ್ತಿ. ಮಾತು ಯಾಕ ಹಳ್ಳಿನ ಸಮೇತ ತರ್ತಿ?" ಹಸನ ಮಾಡುವುದೆಂದರೆ ಮೊರದಲ್ಲಿ ಕೇರಿ, ಕಲ್ಲು ಹಳ್ಳು ಆರಿಸಿ ತೆಗೆಯುವುದು. ಅವಳ ಆ ಮಾತಿಗೆ ನಾವೆಲ್ಲ ನಕ್ಕು ಮನೆಗೆ ಹೋಗುತ್ತಿದ್ದೆವು, ಅಷ್ಟೆ.

ಅಂದು ನನ್ನ ಪಾಳಿ ಬಂತು. ನಾನೂ ಅವಳ ಕಿವಿಗೆ ಬಾಯಿ ಹಚ್ಚಿ, ಇದ್ದ ದನಿಯನ್ನೆಲ್ಲ ಎತ್ತಿ ಒದರಿದೆ. "ನಮ್ಮತ್ತಿ ಯಾವಾಗಲೂ ಹಿಂಗ! ಬೇಕಂತನ ಮಾಡ್ತಾಳ! ನಾಳಿ ಸಗರಕ್ಕ ಹೋಗಾಕಿ ನಾ. ಆಕಿ ಸತ್ತರೂ ಈ ಊರಿಗೆ ಕಾಲು ಇಡಂಗಿಲ್ಲ!"

ನಡುವೆಯೇ ಕರೆಂಟು ಹೋಗಿತ್ತು. ಗಿರಣಿ ಗಕ್ಕನೆ ನಿಂತಿತ್ತು. "ಆಕಿ ಸತ್ತರೂ" ಎಂಬುದು ಇಡೀ ಗಿರಣಿಗೆ ಕೇಳಿಸಿತು.

ಹತ್ತು ಹನ್ನೆರಡು ಹೆಂಗಸರು. ಎಲ್ಲರೂ ನನ್ನ ಕಡೆ ತಿರುಗಿದರು. ಆಮೇಲೆ ಒಬ್ಬಳು, "ಯವ್ವಾ, ಸಗರದಾಕಿಗೂ ಬಾಯಿ ಅದ! ನಾ ಮೂಕಿ ಅಂದ್ಕೊಂಡಿದ್ದೆ" ಎಂದಳು. ನಗು ಎದ್ದಿತು. ನಮ್ಮ ಓಣಿಯವಳೊಬ್ಬಳು ಮೆಲ್ಲಗೆ ತನ್ನ ಪುಟ್ಟಿ ಎತ್ತಿಕೊಂಡು, "ಒಲಿ ಮ್ಯಾಲ ಬ್ಯಾಳಿ ಇಟ್ಟು ಬಂದೀನಿ" ಎನ್ನುತ್ತ ಬಾಗಿಲಿಗೆ ನಡೆದಳು. ಅವಳು ಎಲ್ಲಿಗೆ ಹೊರಟಳೆಂದು ನನಗೂ ಗೊತ್ತಾಯಿತು, ಉಳಿದವರಿಗೂ ಗೊತ್ತಾಯಿತು. ಆ ಮಾತು ಅತ್ತೆಗೆ ಮುಟ್ಟಿದರೆ ನಾನು ಬಿಟ್ಟು ಹೋಗುವುದಿರಲಿ, ಅವರೇ ನನ್ನನ್ನು ಹೊರಗೆ ಹಾಕುತ್ತಾರೆ…

ದೊಡ್ಡವ್ವ ಹೋಗಿ ಬಾಗಿಲಿಗೆ ಅಡ್ಡ ನಿಂತಳು. "ಕೂಡು. ನಿನ್ನ ಬ್ಯಾಳಿ ನಿನ್ನಿಯಿಂದ ಕುದಿಲಿಕತ್ತದೇನು? ಕರೆಂಟು ಬರೋತನ ಒಬ್ಬಾಕಿನೂ ಏಳಂಗಿಲ್ಲ." ಆಮೇಲೆ ನನ್ನ ಕಡೆ ತಿರುಗಿದಳು. "ನೀ ಇಲ್ಲೇ ಹಸನ ಮಾಡು ತಂಗಿ. ಯಾವಾಗಲೂ ಅಂದಿ. ಮೊನ್ನಿ ಕೂಸಿಗೆ ಜ್ವರ ಬಂದಾಗ ಎತಗೊಂಡು ದವಾಖಾನಿಗೆ ಓಡಿದಾಕಿ ಯಾರು?"

"ಅತ್ತಿ."

"ಹಂಗಾರ 'ಯಾವಾಗಲೂ' ಅಂಬೂದು ಹಳ್ಳು. ತಗಿ. ಬೇಕಂತ ಮಾಡ್ತಾಳ ಅಂದಿ. ಆಕಿ ಹೊಟ್ಟ್ಯಾಗ ಹೊಕ್ಕು ನೋಡಿ ಬಂದೀಯೇನು?"

"ಇಲ್ಲ."

"ಅದೂ ಹಳ್ಳು. ಇನ್ನ ಮೊರದಾಗ ಏನ ಉಳೀತು?"

ನಾನು ಯೋಚಿಸಿದೆ. ಉಳಿದದ್ದು ಬಹಳ ಸಣ್ಣದಿತ್ತು. "ಮಂದಿ ಮುಂದ ನಮ್ಮವ್ವನ ಹೆಸರ ತಗದ್ರು. ನನಗ ಭಾಳ ಸಂಕಟಾತು."

"ಇದು ಜ್ವಾಳ. ಇಷ್ಟ ಒಯ್ದು ಆಕೀಗೆ ಹೇಳು. ಮತ್ತ, ಸತ್ತರೂ ಅಂದಿಯಲ್ಲ, ಅದು?"

"ಅದು ನನ್ನ ತಪ್ಪು."

"ಅದನ್ನೂ ನೀನ ಹೇಳು. ಓಡು. ನಿನ್ನ ಮಾತು ನಿನಗಿಂತ ಮೊದಲ ಮನಿ ಮುಟ್ಟಬಾರ್ದು."

ಅರ್ಧ ಬೀಸಿದ ಹಿಟ್ಟನ್ನು ಅಲ್ಲೇ ಬಿಟ್ಟು ಓಡಿದೆ. ದಾರಿಯುದ್ದಕ್ಕೂ ಅಬ್ಬೆತುಮಕೂರಿನ ಮಠದ ಅಜ್ಜನನ್ನು ನೆನೆದೆ: ಬಾಯಿಯಿಂದ ಬರೀ ಜೋಳ ಬರಲಿ, ಹಳ್ಳು ಬರದಿರಲಿ…

ಅತ್ತೆ ಪಡಸಾಲೆಯಲ್ಲಿ ತೊಗರಿ ಕೇರುತ್ತಿದ್ದರು. ನಿಂತುಕೊಂಡೇ ಹೇಳಿಬಿಟ್ಟೆ. "ಅತ್ತಿ, ಗಿರಣ್ಯಾಗ ನಾ ನಿಮಗ ಅನ್ನಬಾರದ್ದು ಅಂದೀನ್ರಿ. ನೀವು ಸತ್ತರೂ ಬರಂಗಿಲ್ಲ ಅಂದೀನಿ. ಮಂದಿ ಕೇಳ್ಯಾರ. ಅದು ನನ್ನ ತಪ್ಪು. ಆದ್ರ ನಿನ್ನಿ ನಿಮ್ಮಣ್ಣಾರ ಮುಂದ ನೀವು ನಮ್ಮವ್ವನ ಹೆಸರ ತಗದಾಗ ನನಗ ಭಾಳ ಸಂಕಟಾತ್ರಿ."

ಮೊರ ನಿಂತಿತು. ನನ್ನನ್ನು ನೋಡಿದರು. "ಅಷ್ಟೇನಾ?"

"ಅಷ್ಟ ರಿ."

ಅವರು ಮತ್ತೆ ಕೇರತೊಡಗಿದರು. ನಾನು ಒಳಗೆ ಹೋಗಿ ಬಟ್ಟೆ ಕಟ್ಟಲೋ ಬೇಡವೋ ಎಂದು ಗಂಟಿನ ಮುಂದೆ ಕೂತಿದ್ದೆ. ಸಂಜೆಗೆ ಒಲೆ ಹಚ್ಚಿದಾಗ ಅತ್ತೆ ಬಂದು, "ಸರಿ ಆಕಡಿ" ಎಂದು ನನ್ನ ಜಾಗದಲ್ಲಿ ತಾವು ಕೂತರು. ಡಬ್ಬಿಯಲ್ಲಿ ಉಳಿದಿದ್ದ ಹಿಟ್ಟು ನಾದಿ ರೊಟ್ಟಿ ಬಡಿದರು. ಆ ಕೈಯ ಬೀಸು, ಆ ಸದ್ದು… ಎಂಥ ಕೈ ಎಂದು ನೋಡುತ್ತಲೇ ಇದ್ದೆ. ರೊಟ್ಟಿ ಸೀಳಿತು. ಇನ್ನೊಂದು ಬಡಿದರು. ಅದೂ ಸೀಳಿತು.

"ನೋಡಿದಿ?" ಎಂದರು. "ನನ್ನ ಕೈಯಾಗೂ ನಿಲ್ಲವಲ್ದು. ನನ್ನ ರೊಟ್ಟಿ ತಿನ್ನಾಕ ಮಂದಿ ನೆವ ಹುಡುಕಿ ಬರ್ತಿದ್ರು. ನಮ್ಮಪ್ಪನ ಹೊಲ ಹೋತು, ಅದರ ಕೂಡ ಆ ರೊಟ್ಟಿನೂ ಹೋತು. ಅದಕ್ಕ ಒಲಿ ಮುಂದ ಕೂಡೂದ ಬಿಟ್ಟೀನಿ. ನಿನ್ನ ರೊಟ್ಟಿ ಹರದಾಗೆಲ್ಲ ಆ ಹೊಲಾನ ಕಣ್ಣಮುಂದ…" ಒಲೆಯನ್ನು ಸುಮ್ಮನೆ ಕೆದಕಿದರು.

ನನ್ನ ಹೊಟ್ಟೆಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಹಳ್ಳು ಆಗ ಕಂಡಿತು. ಕೂತು ಉಣ್ಣುವ ಆಸೆ ಎಂದುಕೊಂಡಿದ್ದೆನಲ್ಲ, ಅದು. ಎರಡು ವರ್ಷ ಅದನ್ನು ಹೊತ್ತುಕೊಂಡು ತಿರುಗಿದ್ದೆ.

"ಎಸರು ಇಡ್ರಿ ಅತ್ತಿ" ಎಂದೆ. "ಕುದಿಯೋ ನೀರಾಗ ನಾದಿ ನೋಡೂಣು." ನಮ್ಮ ತವರಿನಲ್ಲಿ ಹಳೆಯ ಜೋಳಕ್ಕೆ ಹಾಗೆ ಮಾಡುತ್ತಿದ್ದರು. ಅತ್ತೆಗೂ ಅದು ಗೊತ್ತಿತ್ತು. ಆದರೆ ಎಸರು ಹಾಕುವ ಜೋಳ ಅವರ ಮನೆಗೆ ಬಂದದ್ದೇ ಇಲ್ಲ, ಹಾಕುವುದು ಅವರಿಗೆ ಅವಮಾನ. ಅಂದು ಹಾಕಿದರು. ರೊಟ್ಟಿಯ ಅಂಚು ಅಲ್ಲಲ್ಲಿ ಸೀಳಿತ್ತು. ಆದರೂ ನಿಂತಿತು. ಗಂಟಿನ ಕಡೆ ನಾನು ಮತ್ತೆ ಹೋಗಲಿಲ್ಲ.

ಮರುದಿನ ಉಳಿದ ಹಿಟ್ಟು ತರಲು ಅತ್ತೆ ನನ್ನ ಜೊತೆಗೆ ತಾವೇ ಬಂದರು. ಗಿರಣಿಯಲ್ಲಿ ಎಲ್ಲರ ಕಣ್ಣೂ ನಮ್ಮ ಮೇಲೆ. "ಏನ್ರೆವ್ವಾ, ನಾ ಸತ್ತೀನೋ ಇಲ್ಲೋ ಅಂತ ನೋಡಾಕ ಕುಂತೀರೇನು?" ಎಂದರು ಅತ್ತೆ. "ನನ್ನ ಸೊಸಿ ಬಂದು ಮಾರಿ ಮುಂದ ನಿಂತು ಹೇಳ್ಯಾಳ. ನಿಮ್ಮ ಸೊಸ್ತ್ಯಾರಿಗೆ ಅದಾ ಆ ಧೈರ್ಯ?" ದೊಡ್ಡವ್ವ ಪಟ್ಟಾ ಏರಿಸುತ್ತಿದ್ದವಳು ತಿರುಗಿಯೂ ನೋಡಲಿಲ್ಲ. ಅವಳ ಬೆನ್ನು ನಗುತ್ತಿದ್ದುದು ಮಾತ್ರ ಕಂಡಿತು. ನನ್ನ ಜೀವಮಾನದಲ್ಲಿ ನಾನು ಅಷ್ಟು ತಲೆಯೆತ್ತಿ ಓಣಿಯಲ್ಲಿ ನಡೆದದ್ದು ಅದೇ ಮೊದಲು.

ಅತ್ತೆ ಕೊಂಕು ಬಿಟ್ಟರು ಎಂದರೆ ಸುಳ್ಳಾಗುತ್ತದೆ. ಬಿಡಲಿಲ್ಲ. ಆದರೆ ನನ್ನ ತವರಿನ ಹೆಸರು ಮತ್ತೆ ತೆಗೆಯಲಿಲ್ಲ. ಕಡೆಗಾಲದಲ್ಲಿ ನನ್ನ ಕೈಯಿಂದಲೇ ಗಂಜಿ ಕುಡಿದು ಹೋದರು. ಸಂಜೆ ದೀಪ ಹಚ್ಚಿ ದೇವರ ಉಪಕಾರ ಎಣಿಸುವಾಗ ಅಂದು ಕರೆಂಟು ಹೋದದ್ದನ್ನೂ ನಾನು ಅದರಲ್ಲಿ ಸೇರಿಸುತ್ತೇನೆ.

ಈಗ ನನ್ನ ಮಗಳು ಯಾದಗಿರಿಯಲ್ಲಿ ಶಿಕ್ಷಕಿ. ಹೋದ ವರ್ಷ ಯಾವುದೋ ತರಬೇತಿಗೆ ಹೋಗಿ ಬಂದು, ನಡೆದದ್ದು ಬೇರೆ, ಅದಕ್ಕೆ ನಾವು ಕಟ್ಟುವ ಅರ್ಥ ಬೇರೆ, ಎರಡನ್ನೂ ಬಿಡಿಸಿ ನೋಡಬೇಕಂತೆ ಎಂದು ನೋಟುಬುಕ್ಕಿನಿಂದ ಓದಿ ಹೇಳಿದಳು. ಮನಃಶಾಸ್ತ್ರವಂತೆ. ನನಗೆ ಹೆಮ್ಮೆ ಉಕ್ಕಿತು. ಇದನ್ನು ನಮ್ಮೂರ ಗಿರಣಿಯಲ್ಲಿ ಸಹಿ ಹಾಕಲು ಬಾರದ ಹೆಣ್ಣುಮಗಳು ನನಗೆ ಕಲಿಸಿದ್ದಳು ಎಂದೆ. ಆ ಪಾಠದಿಂದ ಎಷ್ಟು ಮನೆ ಒಡೆಯುವುದು ತಪ್ಪಿತೋ, ಎಷ್ಟು ಹೆಂಗಸರು ಕಟ್ಟಿದ ಗಂಟು ಬಿಚ್ಚಿದರೋ… ಲೆಕ್ಕ ಇಟ್ಟವರಿಲ್ಲ.

ಒಂದೇ ಒಂದು ಕೊರಗು ಉಳಿಯಿತು. ನಾವೆಲ್ಲ ಅವಳ ಕಿವಿಗೆ ಒದರಿದೆವು. ಅವಳ ಒಳಗೆ ಏನಿತ್ತು, ಗಂಡನಿಲ್ಲದ ಅಷ್ಟು ವರ್ಷ ಅದನ್ನು ಯಾರ ಕಿವಿಗೆ ಹೇಳಿದಳು ಎಂದು ನಾನು ಒಂದು ದಿನವೂ ಕೇಳಲಿಲ್ಲ. ಹೋದಾಗೆಲ್ಲ ನನ್ನದೇ ಹೇಳಿ ಬಂದೆ. ಈಗ ಕೇಳಬೇಕೆಂದರೆ ಅವಳಿಲ್ಲ.

"ಅತ್ತೀ, ನಳ ಬಂತ್ರಿ!" ಸೊಸೆ ಅಂಗಳದಿಂದ ಕೂಗಿದಳು. ಎರಡು ದಿನಕ್ಕೊಮ್ಮೆ ಬರುವ ನೀರು, ಯಾರಿಗೂ ಕಾಯುವುದಿಲ್ಲ. ಕೈ ತೊಳೆದು, ಕೊಡಗಳನ್ನು ಎತ್ತಿಕೊಂಡು ಹೊರಗೆ ಹೋದೆ.